ಇನ್ನೂರು ಕುದುರೆ, ಅಂಗೈಯಗಲ ರಬ್ಬರು

ಗದಗದಿಂದ ಮುಂಡರಗಿ ದಾರಿ ಹಿಡಿದರೆ ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಂತಿರುವುದು ಕಾಣುತ್ತದೆ. ಸುತ್ತಲಿನ ಹಳ್ಳಿಯವರ ಬಾಯಲ್ಲಿ ಅವು ಬರೀ ‘ಫ್ಯಾನು’. ಈ ಫ್ಯಾನುಗಳನ್ನು ಅಷ್ಟು ಖರ್ಚು ಮಾಡಿ ಗುಡ್ಡದ ನೆತ್ತಿಗೇ ಏಕೆ ಏರಿಸಿದರು ಎನ್ನುವುದಕ್ಕೆ ಒಂದು ಲೆಕ್ಕವಿದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಿಂದ ಸಿಗುವ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಮೂರು ಪಟ್ಟಾದರೆ ಶಕ್ತಿ ಇಪ್ಪತ್ತೇಳು ಪಟ್ಟು. ನೆತ್ತಿಯ ಮೇಲೆ ಗಾಳಿ ಒಂದಿಷ್ಟು ಚುರುಕಾದರೂ ಸಾಕು, ಹಾಕಿದ ದುಡ್ಡು ವಾಪಸ್ಸು ಬರುತ್ತದೆ.

ಸೂಪರ್‌ಬೈಕಿಗೂ ಇದೇ ಲೆಕ್ಕ, ಆದರೆ ಉಲ್ಟಾ. ಫ್ಯಾನಿಗೆ ಗಾಳಿ ಕೊಡುತ್ತದೆ, ಬೈಕಿನಿಂದ ಕಿತ್ತುಕೊಳ್ಳುತ್ತದೆ. ಎದುರುಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆ ತಡೆಯನ್ನು ಅದೇ ವೇಗದಲ್ಲಿ ತಳ್ಳುತ್ತಲೇ ಹೋಗಬೇಕಾದ್ದರಿಂದ ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸವಾರ ಟ್ಯಾಂಕಿನ ಮೇಲೆ ಎದೆಯೂರಿ ಮಲಗಿದ್ದರೆ, ಗಂಟೆಗೆ 100 ಕಿಲೋಮೀಟರಿನಲ್ಲಿ ಗಾಳಿಯನ್ನು ಸೀಳಲು ಸುಮಾರು 5 ಅಶ್ವಶಕ್ತಿ ಸಾಕು. 200ಕ್ಕೆ 40ರ ಮೇಲೆ ಬೇಕು. 300 ಮುಟ್ಟಬೇಕೆಂದರೆ 140ರ ಆಸುಪಾಸು, ಅದೂ ಗಾಳಿಗಷ್ಟೇ. ಟೈರು, ಚೈನು, ಬೇರಿಂಗುಗಳ ಪಾಲು ಬೇರೆ.

ಈ ಲೆಕ್ಕ ಸುಳ್ಳೋ ನಿಜವೋ ನೋಡಲು ಎರಡು ಗಾಡಿಗಳನ್ನು ಪಕ್ಕಪಕ್ಕ ಇಟ್ಟರಾಯಿತು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಬೈಕು ತಯಾರಿಸಿತು. ಅಲ್ಲಿಂದ ಬಂದ ಯಜ್ಡಿ ರೋಡ್‌ಕಿಂಗ್‌ನ ಶಕ್ತಿ 16 ಅಶ್ವಶಕ್ತಿ; ಓಟ ಗಂಟೆಗೆ 115–120 ಕಿಲೋಮೀಟರು. ಕವಾಸಾಕಿಯ ನಿಂಜಾ ಜೆಡ್‌ಎಕ್ಸ್-10ಆರ್‌ಗೆ 203. ಶಕ್ತಿ ಹನ್ನೆರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ಘನಮೂಲ ತೆಗೆದರೆ ವೇಗ ಏರಬೇಕಾದದ್ದು ಎರಡೂ ಕಾಲು ಪಟ್ಟಿಗಿಂತ ತುಸು ಹೆಚ್ಚು, ಅಂದರೆ 270–280. ನಿಜವಾಗಿ ಅದು 299ರವರೆಗೆ ಹೋಗುತ್ತದೆ. ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಮೈಮೇಲಿನ ಫೇರಿಂಗಿನ ಕೊಡುಗೆ. 299ಕ್ಕೇ ಏಕೆ ನಿಂತಿತು ಎಂದರೆ, 1999ರಲ್ಲಿ ಸುಜುಕಿ ಹಯಾಬುಸಾ 300ರ ಗೆರೆ ದಾಟಿದ ಮೇಲೆ ಯುರೋಪಿನಲ್ಲಿ ಕಾನೂನಿನ ಕತ್ತರಿ ಬಿದ್ದೀತೆಂಬ ಭಯಕ್ಕೆ ದೊಡ್ಡ ಕಂಪನಿಗಳೇ ತಮ್ಮತಮ್ಮಲ್ಲಿ ಒಪ್ಪಿಕೊಂಡು ಹಾಕಿಕೊಂಡ ಲಗಾಮು ಅದು.

ಇಂಥ ಬೈಕೊಂದು ಗದಗದ ಪೆಟ್ರೋಲ್ ಬಂಕಿಗೆ ಬಂದು ನಿಂತರೆ ಮೊದಲು ಬರುವ ಪ್ರಶ್ನೆ ‘ಆವರೇಜ್ ಎಷ್ಟ ಕೊಡತೈತ್ರೀ?’ ಎನ್ನುವುದೇ. ಪ್ರಶ್ನೆ ಕೇಳಿ ನಗುವವರಿದ್ದಾರೆ. ಆದರೆ ಭೌತಶಾಸ್ತ್ರದ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಒಂದು ಲೀಟರ್ ಪೆಟ್ರೋಲಿನ ಶಕ್ತಿ ಎಲ್ಲಿ ಹೋಯಿತು ಎಂದು ಹುಡುಕುತ್ತ ಹೋದರೆ ಸೂಪರ್‌ಬೈಕಿನ ಅರ್ಧ ವಿಜ್ಞಾನ ಕೈಗೆ ಸಿಗುತ್ತದೆ.

ಎಂಜಿನ್ ಉಸಿರಾಡುವ ಗಾಳಿಯನ್ನೇ ನೋಡಿ. ನಿಂಜಾದ 998 ಸಿಸಿ ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವುದು ನಿಮಿಷಕ್ಕೆ 13,200 ಸುತ್ತಿನಲ್ಲಿ. ಆಗ ಒಂದೊಂದು ಪಿಸ್ಟನ್ನೂ ಸೆಕೆಂಡಿಗೆ 220 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ, ಎಂಜಿನ್ ಸೆಕೆಂಡಿಗೆ ಸುಮಾರು 110 ಲೀಟರ್ ಗಾಳಿ ನುಂಗುತ್ತದೆ. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಚೆನ್ನೈಯ ಗಾಳಿಗಿಂತ ಶೇಕಡಾ 7ರಷ್ಟು ತೆಳು. ಏಪ್ರಿಲ್-ಮೇ ಬಿಸಿಲಿಗೆ ಇನ್ನಷ್ಟು ತೆಳುವಾಗುತ್ತದೆ. ಆಮ್ಲಜನಕ ಕಡಿಮೆಯಾದಷ್ಟೂ ಉರಿಸಬಹುದಾದ ಪೆಟ್ರೋಲೂ ಕಡಿಮೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳಿಗೆ ಇದು ಸಮಸ್ಯೆಯೇ ಅಲ್ಲ: ತೆಳುಗಾಳಿಯಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿಯುವ ಹಿಮೋಗ್ಲೋಬಿನ್ ಅವುಗಳ ರಕ್ತದಲ್ಲಿದೆ, ಹಿಮಾಲಯ ದಾಟುವುದು ಅದರ ಬಲದಿಂದ. ಬೈಕಿಗೆ ಆ ಭಾಗ್ಯವಿಲ್ಲ. ಮೂತಿಯಲ್ಲೊಂದು ಕಂಡಿ ಕೊರೆದು, ಓಡುವ ವೇಗಕ್ಕೇ ಗಾಳಿ ಒಳಗೆ ತುರುಕಿಕೊಳ್ಳುವಂತೆ ಮಾಡಿದ್ದಾರೆ, ಅಷ್ಟೇ. 300 ಕಿಲೋಮೀಟರ್ ವೇಗದಲ್ಲಿ ಇದರಿಂದ ವಾಯುಭಾರದ ಶೇಕಡಾ 4ರಷ್ಟು ಹೆಚ್ಚುವರಿ ಒತ್ತಡ ಸಿಗುತ್ತದೆ. ಕವಾಸಾಕಿಯವರು 203 ಅಶ್ವಶಕ್ತಿಯ ಪಕ್ಕದಲ್ಲಿ ‘ರ‍್ಯಾಮ್ ಏರ್ ಸೇರಿ 213’ ಎಂದು ಬರೆಯುವುದು ಇದಕ್ಕೇ.

ಇಷ್ಟೆಲ್ಲ ಶಕ್ತಿಯನ್ನು ಬಿಚ್ಚುವುದಾದರೂ ಎಲ್ಲಿ? ಗದಗ ಜಿಲ್ಲೆಯ ಮಾತಿರಲಿ, ಇಡೀ ಕರ್ನಾಟಕದಲ್ಲೇ ಲೀಟರ್ ಎಂಜಿನ್ನಿನ ಬೈಕಿಗೆ ತಕ್ಕ ಕಾಯಂ ರೇಸ್ ಟ್ರ್ಯಾಕ್ ಇಲ್ಲ. ಹುಬ್ಬಳ್ಳಿ–ಹೊಸಪೇಟೆ ಹೆದ್ದಾರಿ ನೆಟ್ಟಗಿದೆ ನಿಜ. ಆದರೆ ಅದರ ಮೇಲೆ ಒಕ್ಕಣೆ ನಡೆಯುತ್ತದೆ, ಟ್ರ್ಯಾಕ್ಟರ್ ಟ್ರೇಲರುಗಳು ದೀಪವಿಲ್ಲದೆ ತಿರುಗುತ್ತವೆ, ಕುರಿಹಿಂಡು ದಾಟುತ್ತದೆ. ಆದ್ದರಿಂದ ಟ್ರ್ಯಾಕ್ ಎಂದರೆ ಈ ಸೀಮೆಯವರಿಗೆ ಸಾಮಾನ್ಯವಾಗಿ ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ, ಇಲ್ಲವೇ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ. ಮೊದಲು ಮದ್ರಾಸಿನ ರೇಸುಗಳು ಎರಡನೇ ಮಹಾಯುದ್ಧದ ಕಾಲದ ಶೋಲಾವರಂ ಏರ್‌ಸ್ಟ್ರಿಪ್ ಮೇಲೆ ನಡೆಯುತ್ತಿದ್ದವು. 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ಶುರುವಾಯಿತು. ಅದರ ಪೂರ್ತಿ ಸುತ್ತು 3.717 ಕಿಲೋಮೀಟರು. ಗದಗದಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರು, ಅಲ್ಲಿಂದ ಮುಂದೆ ಇನ್ನೂ 300.

ಟ್ರ್ಯಾಕ್ ಮುಟ್ಟಿದ ಮೇಲೆ ತಿಳಿಯುವ ಮೊದಲ ಸಂಗತಿ: ಅಶ್ವಶಕ್ತಿ ಇಲ್ಲಿ ಎರಡನೆಯ ಸಾಲಿನ ಮಾತು. ಐದಾರು ಸೆಕೆಂಡು ಪೂರ್ತಿ ಥ್ರಾಟಲ್ ತೆರೆಯುವಷ್ಟರಲ್ಲಿ ತಿರುವು ಎದುರಾಗುತ್ತದೆ. ತಿರುವಿನಲ್ಲಿ ಬೈಕನ್ನು ನೆಲಕ್ಕೆ ಹಿಡಿದಿಡುವುದು ಎರಡು ಟೈರುಗಳ ಅಂಗೈಯಗಲದ ಎರಡು ತುಣುಕು ರಬ್ಬರು ಮಾತ್ರ. 80 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 100 ಕಿಲೋಮೀಟರಿನಲ್ಲಿ ತೆಗೆದುಕೊಂಡರೆ ಬೈಕು ಸುಮಾರು 45 ಡಿಗ್ರಿ ವಾಲಬೇಕು. ಆಗ ಟೈರಿನ ಮೇಲೆ ಅಡ್ಡಕ್ಕೆ ಬೀಳುವ ಬಲ ಬೈಕು-ಸವಾರರ ಒಟ್ಟು ತೂಕದಷ್ಟೇ ಇರುತ್ತದೆ. ವೇಗ 130 ಆದರೆ ಅದೇ ತಿರುವಿನಲ್ಲಿ 59 ಡಿಗ್ರಿ. ಸವಾರರು ಸೀಟಿನಿಂದ ಕೆಳಗಿಳಿದು ಮೊಣಕಾಲು ನೆಲಕ್ಕೆ ತಾಗಿಸುವುದು ಫೋಟೊಕ್ಕಾಗಿ ಅಲ್ಲ. ಮೈಭಾರವನ್ನು ತಿರುವಿನ ಒಳಗೆ ಸರಿಸಿದರೆ ಅದೇ ವೇಗಕ್ಕೆ ಬೈಕು ತುಸು ಕಡಿಮೆ ವಾಲಿದರೂ ಸಾಕಾಗುತ್ತದೆ, ಟೈರಿನ ಅಂಚಿನಲ್ಲಿ ಒಂದಿಷ್ಟು ರಬ್ಬರು ಉಳಿಯುತ್ತದೆ.

ರಬ್ಬರಿನ ಹಿಡಿತ ಶಾಲೆಯ ಪುಸ್ತಕದ ಘರ್ಷಣೆಯ ನಿಯಮಕ್ಕೆ ಬಗ್ಗುವುದಿಲ್ಲ. ಬಿಸಿಯಾದ ರಬ್ಬರು ಡಾಂಬರಿನ ಸಣ್ಣ ಸಣ್ಣ ಹಲ್ಲುಗಳ ಸಂದಿಗೆ ಇಳಿದು ಅಚ್ಚೊತ್ತುತ್ತದೆ, ಅಣುಮಟ್ಟದಲ್ಲಿ ಅಂಟಿಕೊಳ್ಳುತ್ತದೆ, ಕಿತ್ತು ಬರುವಾಗ ಶಕ್ತಿಯನ್ನು ನುಂಗುತ್ತದೆ. ತಣ್ಣಗಿದ್ದರೆ ಗಟ್ಟಿ, ಅಚ್ಚೊತ್ತಲಾರದು. ಅತಿಯಾಗಿ ಕಾದರೆ ಮೇಲ್ಪದರ ಉಂಡೆಗಟ್ಟಿ ಉದುರುತ್ತದೆ. ರೇಸ್ ಟೈರುಗಳಿಗೆ ಓಟಕ್ಕೆ ಮೊದಲೇ ವಿದ್ಯುತ್ ಕಂಬಳಿ ಹೊದಿಸಿ 80–90 ಡಿಗ್ರಿಗೆ ತರುವುದು ಇದಕ್ಕೇ. ಲಕ್ಷ್ಮೇಶ್ವರ–ಗದಗದ ನೇರ ರಸ್ತೆಯಲ್ಲಿ ಓಡಿದ ಟೈರು ನಡುವೆ ಸವೆದು ಚಪ್ಪಟೆಯಾಗಿರುತ್ತದೆ, ಅಂಚು ಹೊಸದರಂತೆ ಮಿರುಗುತ್ತದೆ. ಅದೇ ಟೈರಿನಲ್ಲಿ ಟ್ರ್ಯಾಕಿಗಿಳಿದರೆ ವಾಲುವಾಗ ಚಪ್ಪಟೆ ಜಾಗದಿಂದ ಅಂಚಿಗೆ ಬೈಕು ಧಡಕ್ಕನೆ ಬೀಳುತ್ತದೆ. ರಸ್ತೆಗೊಂದು, ಟ್ರ್ಯಾಕಿಗೊಂದು ಎಂದು ಎರಡು ಜೊತೆ ಟೈರು ಇಡುವುದು ಷೋಕಿಯಲ್ಲ.

ಗಾಳಿಯ ಒತ್ತಡದ ಲೆಕ್ಕವಂತೂ ಇನ್ನೂ ಸೂಕ್ಷ್ಮ. ಬೆಳಿಗ್ಗೆ 30 ಡಿಗ್ರಿಯಲ್ಲಿ ಟೈರಿಗೆ 30 ಪಿಎಸ್‌ಐ ತುಂಬಿದಿರಿ ಎನ್ನಿ. ಮೀಟರ್ ತೋರಿಸುವುದು ಹೊರಗಿನ ವಾಯುಭಾರಕ್ಕಿಂತ ಹೆಚ್ಚಿರುವಷ್ಟನ್ನು ಮಾತ್ರ. ಒಳಗಿನ ನಿಜ ಒತ್ತಡ ಸುಮಾರು 44.7. ಕೆಲವು ಸುತ್ತು ಓಡಿ ಒಳಗಿನ ಗಾಳಿ 80 ಡಿಗ್ರಿಗೆ ಕಾದರೆ ನಿಜ ಒತ್ತಡ 52 ಆಗುತ್ತದೆ, ಮೀಟರ್ 37 ದಾಟುತ್ತದೆ. ಗಾಳಿ ಹೆಚ್ಚಾದ ಟೈರು ಉಬ್ಬಿ ನೆಲಕ್ಕೆ ತಾಗುವ ಜಾಗ ಕಿರಿದಾಗುತ್ತದೆ. ರಸ್ತೆಗೆಂದು ಕಂಪನಿ ಹೇಳುವ 36, 42ರ ಒತ್ತಡ ಹಾಕಿ ಟ್ರ್ಯಾಕಿಗಿಳಿದವರು ಜಾರುವುದು ಇಲ್ಲೇ. ಆದ್ದರಿಂದ ಪಿಟ್ಟಿಗೆ ಬಂದೊಡನೆ ಅನುಭವಿ ಸವಾರ ಹೆಲ್ಮೆಟ್ ತೆಗೆಯುವ ಮೊದಲೇ ಜೊತೆಗಾರ ಮಂಡಿಯೂರಿ ಕೂತು ವಾಲ್ವಿಗೆ ಮೀಟರ್ ಒತ್ತಿರುತ್ತಾನೆ. ಎರಡು ನಿಮಿಷ ತಡವಾದರೆ ಓದಿದ ಅಂಕಿ ಸುಳ್ಳು. ಅದನ್ನು ಬರೆದಿಡುವ ಪುಟ್ಟ ನೋಟ್‌ಬುಕ್ಕು ಲಕ್ಷ ರೂಪಾಯಿಯ ಸೈಲೆನ್ಸರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಬ್ರೇಕಿನ ಕತೆ ಗದಗದ ಲಾರಿಯವರಿಗೆ ಹೊಸದಲ್ಲ. ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಸಾರಿಗೆ ಧಂದೆ ಶುರುಮಾಡಿದ ಊರು ಇದು. ಲೋಡು ತುಂಬಿಕೊಂಡು ಅರಬೈಲ್ ಘಟ್ಟ ಇಳಿಯುವಾಗ ಬ್ರೇಕನ್ನೇ ನೆಚ್ಚಿಕೊಂಡರೆ ಡ್ರಮ್ಮು ಕಾದು, ಪೆಡಲ್ ಒತ್ತಿದರೂ ಗಾಡಿ ನಿಲ್ಲದು ಎಂದು ಹಳೇ ಡ್ರೈವರುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೈಕಿನಲ್ಲಿ ಘಟ್ಟವಿಲ್ಲ, ವೇಗವಿದೆ. ಬೈಕು ಮತ್ತು ಸವಾರ ಸೇರಿ 280 ಕಿಲೋ ಎಂದಿಟ್ಟುಕೊಂಡರೆ, ಗಂಟೆಗೆ 250 ಕಿಲೋಮೀಟರಿನಿಂದ 80ಕ್ಕೆ ಇಳಿಸುವಾಗ 600 ಕಿಲೋಜೂಲ್ ಶಕ್ತಿಯನ್ನು ಕಳೆಯಬೇಕು. ಒಂದೂಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಸಲು ಸಾಕಾಗುವ ಬಿಸಿ ಅದು. ಒಂದಿಷ್ಟನ್ನು ಎದುರುಗಾಳಿ ಕಳೆಯುತ್ತದೆ. ಉಳಿದ ದೊಡ್ಡ ಪಾಲು ಕೆಲವೇ ಸೆಕೆಂಡಿನಲ್ಲಿ ಮುಂದಿನ ಎರಡು ತೆಳ್ಳನೆಯ ಡಿಸ್ಕುಗಳಿಗೆ ಇಳಿಯುತ್ತದೆ, ಮತ್ತೆ ಮುಂದಿನ ತಿರುವಿಗೆ ಅದೇ ಕೆಲಸ.

ಈ ಬಿಸಿ ಪ್ಯಾಡಿನಿಂದ ಕ್ಯಾಲಿಪರಿಗೆ, ಕ್ಯಾಲಿಪರಿನಿಂದ ಬ್ರೇಕ್ ಆಯಿಲಿಗೆ ಹೋಗುತ್ತದೆ. ಡಾಟ್-4 ಗುಣಮಟ್ಟದ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂದು ನಿಯಮ. ಆದರೆ ಗ್ಲೈಕಾಲ್ ಆಧಾರಿತ ಆಯಿಲ್ ಗಾಳಿಯ ತೇವವನ್ನು ಸುಮ್ಮನೆ ಎಳೆದುಕೊಳ್ಳುತ್ತಿರುತ್ತದೆ, ಶೇಕಡಾ 3.7ರಷ್ಟು ನೀರು ಸೇರಿದರೆ ಕುದಿಯುವ ಬಿಂದು 155ಕ್ಕೆ ಕುಸಿಯಬಹುದು. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿದರೆ ಕುಗ್ಗದು, ಗುಳ್ಳೆ ಕುಗ್ಗುತ್ತದೆ. ಲಿವರ್ ಹ್ಯಾಂಡಲ್ಲಿಗೆ ಬಂದು ತಾಗುತ್ತದೆ, ಬೈಕು ಹೋಗುತ್ತಲೇ ಇರುತ್ತದೆ. ಗ್ಯಾರೇಜಿನ ಮೂಲೆಯಲ್ಲಿ ಮುಚ್ಚಳ ಸಡಿಲವಾಗಿ ಎರಡು ಮಳೆಗಾಲ ಕಳೆದ ಬಾಟಲಿಯನ್ನು ಸ್ಕೂಟರಿಗೂ ಬಳಸಬಾರದು, ಟ್ರ್ಯಾಕಿಗೆ ಹೋಗುವ ಬೈಕಿಗಂತೂ ಮುಟ್ಟಿಸಲೇಬಾರದು. ಮಾರ್ಪಾಡಿಗೆ ಮೊದಲ ದುಡ್ಡು ಹಾಕುವುದಾದರೆ ಇಲ್ಲಿ ಹಾಕಬೇಕು: 300 ಡಿಗ್ರಿ ದಾಟಿ ತಡೆಯುವ ರೇಸಿಂಗ್ ಆಯಿಲ್, ಉಬ್ಬದ ಸ್ಟೀಲ್ ಹೆಣಿಗೆಯ ಬ್ರೇಕ್ ಪೈಪು, ಟ್ರ್ಯಾಕಿಗೆ ಹೊಂದುವ ಪ್ಯಾಡು.

ಎರಡನೆಯದು ಸಸ್ಪೆನ್ಷನ್. ಇದಕ್ಕೆ ಮೊದಮೊದಲು ದುಡ್ಡೇ ಬೇಕಿಲ್ಲ, ಮೂರು ಜನ ಮತ್ತು ಒಂದು ಟೇಪು ಸಾಕು. ಒಬ್ಬ ಹ್ಯಾಂಡಲ್ ಹಿಡಿದು ಬೈಕನ್ನು ನೆಟ್ಟಗೆ ನಿಲ್ಲಿಸುತ್ತಾನೆ. ಸವಾರ ತನ್ನ ಚರ್ಮದ ಸೂಟು, ಬೂಟು, ಹೆಲ್ಮೆಟ್ ಎಲ್ಲ ಹಾಕಿಕೊಂಡೇ ಓಡಿಸುವ ಭಂಗಿಯಲ್ಲಿ ಕೂರುತ್ತಾನೆ. ಮೂರನೆಯವನು ಹಿಂದಿನ ಆಕ್ಸೆಲ್‌ನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಅಳೆಯುತ್ತಾನೆ. ಚಕ್ರ ಎತ್ತಿ ಹಿಡಿದಾಗಿನ ಅಳತೆಗೂ ಸವಾರ ಕೂತಾಗಿನ ಅಳತೆಗೂ ಇರುವ ವ್ಯತ್ಯಾಸವೇ ಸ್ಯಾಗ್. ಟ್ರ್ಯಾಕಿಗೆ ಅದು 30ರಿಂದ 35 ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ಸರಿ. ಸ್ಪ್ರಿಂಗ್ ಬಿಗಿ ಮಾಡಿಯೂ ಅಲ್ಲಿಗೆ ಬರದಿದ್ದರೆ ಆ ಸ್ಪ್ರಿಂಗ್ ಬೇರೆ ತೂಕದವನಿಗೆ ಮಾಡಿದ್ದು ಎಂದರ್ಥ. ಇಷ್ಟನ್ನೂ ಮಾಡದೆ ಚಿನ್ನದ ಬಣ್ಣದ ದುಬಾರಿ ಫೋರ್ಕ್ ತರಿಸುವವರನ್ನು ಕಂಡರೆ ಹಳೇ ಮೆಕ್ಯಾನಿಕ್ಕುಗಳು ಹಣೆ ಚಚ್ಚಿಕೊಳ್ಳುತ್ತಾರೆ.

ಎಂಜಿನ್ನಿಗೆ ಕೈ ಹಾಕುವುದು ಕೊನೆಗೆ. ಹಾಗೆಂದು ಅದು ಬೇಸರದ ವಿಷಯವಲ್ಲ. ಕರ್ನಾಟಕದ ಅತಿ ಸ್ವಾರಸ್ಯದ ಉದಾಹರಣೆ ಇರುವುದು ಅಲ್ಲೇ. ಮೈಸೂರಿನ ರೇಸ್ ಟ್ಯೂನರ್ ಸೊಮೆಂದರ್ ಸಿಂಗ್ ಸಿಲಿಂಡರ್ ಹೆಡ್ಡಿನ ಅಂಚಿನಲ್ಲಿ ಕೆಲವು ಗೀರುಗಳನ್ನು ಕೊರೆದರು. ಪಿಸ್ಟನ್ ಮೇಲಕ್ಕೆ ಬಂದಾಗ ಅಂಚಿನ ಕಿರುಸಂದಿಯಲ್ಲಿ ಹಿಂಡಿದ ಗಾಳಿ-ಪೆಟ್ರೋಲ್ ಮಿಶ್ರಣ ಆ ಗೀರುಗಳ ಮೂಲಕ ಚಿಮ್ಮಿ, ಸುಳಿಗಟ್ಟಿ, ಬೇಗ ಮತ್ತು ಸಮನಾಗಿ ಉರಿಯಬೇಕೆಂಬುದು ಅವರ ವಾದ. 2001ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. 2004ರಲ್ಲಿ ಅಮೆರಿಕದ ‘ಪಾಪ್ಯುಲರ್ ಸೈನ್ಸ್’ ಪತ್ರಿಕೆ ಅವರ ಬಗ್ಗೆ ದೀರ್ಘ ಲೇಖನ ಬರೆಯಿತು. ದೊಡ್ಡ ಕಂಪನಿಗಳು ಮಾತ್ರ ಆ ಗೀರುಗಳನ್ನು ಎತ್ತಿಕೊಳ್ಳಲಿಲ್ಲ. ಆದರೂ ಸುಳಿ ಹೆಚ್ಚಿದರೆ ಉರಿ ಚುರುಕಾಗುತ್ತದೆ ಎಂಬ ಮೂಲ ತತ್ವ ಇಂದಿನ ಪ್ರತಿ ಎಂಜಿನ್ನಿನಲ್ಲೂ ಇದೆ.

ಮಾರುಕಟ್ಟೆಯಲ್ಲಿ ಸಿಗುವ ಸೈಲೆನ್ಸರು, ಏರ್‌ಫಿಲ್ಟರು, ಇಸಿಯು ಮ್ಯಾಪಿಂಗ್ ಸೇರಿ ಶಕ್ತಿ ಶೇಕಡಾ 5 ಏರಿತು ಎಂದುಕೊಂಡರೂ ಘನದ ನಿಯಮ ಬಿಡುವುದಿಲ್ಲ: ತುದಿವೇಗ ಏರುವುದು ಶೇಕಡಾ 1.6. ಅಂದರೆ 300 ಹೋಗುವ ಬೈಕು 305. ಅದಕ್ಕಿಂತ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಇಳಿಸಿ 17ರಿಂದ 16 ಮಾಡಿದರೆ ಪ್ರತಿ ಗೇರಿನಲ್ಲೂ ಎಳೆತ ಶೇಕಡಾ 6 ಹೆಚ್ಚುತ್ತದೆ. ತುದಿವೇಗ ಕಡಿಮೆಯಾಗುತ್ತದೆ, ಆದರೆ ಟ್ರ್ಯಾಕಿನ ನೇರದಲ್ಲಿ ಆ ತುದಿಯನ್ನು ಮುಟ್ಟುವವರು ಯಾರು? ರೇಸ್ ಏರ್‌ಫಿಲ್ಟರಿನ ವಿಷಯದಲ್ಲಂತೂ ಈ ಸೀಮೆಯವರು ಎಚ್ಚರವಾಗಿರಬೇಕು. ಹೆಚ್ಚು ಗಾಳಿ ಬಿಡುವ ಫಿಲ್ಟರು ಸಾಮಾನ್ಯವಾಗಿ ಹೆಚ್ಚು ಧೂಳನ್ನೂ ಬಿಡುತ್ತದೆ. ಬೇಸಿಗೆಯಲ್ಲಿ ಎರೆಭೂಮಿಯ ಧೂಳು ಮೇಲೆದ್ದರೆ ಹಿಟ್ಟಿನಷ್ಟು ನುಣುಪು; ಸೆಕೆಂಡಿಗೆ 110 ಲೀಟರ್ ಎಳೆಯುವ ಎಂಜಿನ್ನಿಗೆ ಅದು ಸಿಲಿಂಡರ್ ಗೋಡೆ ಉಜ್ಜುವ ಪುಡಿ. ರಸ್ತೆಯ ಓಡಾಟಕ್ಕೆ ಕಂಪನಿಯ ಪೇಪರ್ ಫಿಲ್ಟರೇ ಇರಲಿ.

ಟ್ರ್ಯಾಕಿನ ಬೈಕಿನ ಸರ್ವೀಸನ್ನು ಕಿಲೋಮೀಟರಿನಲ್ಲಿ ಅಳೆಯುವುದು ತಪ್ಪು. ಅಲ್ಲಿನ ನೂರು ಕಿಲೋಮೀಟರು ರಸ್ತೆಯ ನೂರಲ್ಲ. ಎಂಜಿನ್ ಹೊತ್ತೆಲ್ಲ ಎತ್ತರದ ಆರ್‌ಪಿಎಮ್ಮಿನಲ್ಲೇ ಇರುತ್ತದೆ. ಆಯಿಲ್ ಬೇಗ ಬದಲಿಸಬೇಕು. ರೇಡಿಯೇಟರಿನ ಗ್ಲೈಕಾಲ್ ಕೂಲೆಂಟ್ ತೆಗೆದು ನೀರು ಹಾಕಬೇಕೆಂದು ಹಲವು ರೇಸುಗಳ ನಿಯಮವಿದೆ, ಏಕೆಂದರೆ ಗ್ಲೈಕಾಲ್ ಚೆಲ್ಲಿದರೆ ಡಾಂಬರು ಬೇಗ ಒಣಗದು, ಹಿಂದಿನವರೆಲ್ಲ ಜಾರುತ್ತಾರೆ. ಆಯಿಲ್ ಡ್ರೇನ್ ಬೋಲ್ಟಿನ ತಲೆಗೆ ತೂತು ಕೊರೆದು ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ; ನಡುಕಕ್ಕೆ ಬೋಲ್ಟು ಸಡಿಲಾಗಲು ನೋಡಿದರೆ ತಂತಿ ಅದನ್ನು ಬಿಗಿಯುವ ದಿಕ್ಕಿಗೇ ಎಳೆಯುವಂತೆ ಸುತ್ತಬೇಕು. ಟಾರ್ಕ್ ರೆಂಚ್ ಇಲ್ಲದೆ ಆಕ್ಸೆಲ್ ನಟ್ಟು ಮುಟ್ಟಬಾರದು. ‘ಕೈಯಂದಾಜು’ ಲಾರಿ ಚಕ್ರಕ್ಕೆ ನಡೆದೀತು, ಅಲ್ಯೂಮಿನಿಯಂ ಎಳೆಗಳಿಗೆ ನಡೆಯದು.

ಟ್ರ್ಯಾಕಿಗೆ ಹೋದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ. 2023ರ ಆಗಸ್ಟ್ 5ರಂದು ಬೆಂಗಳೂರಿನ 13 ವರ್ಷದ ರೇಸರ್ ಶ್ರೇಯಸ್ ಹರೀಶ್ ಚೆನ್ನೈ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ರೇಸಿನಲ್ಲಿ ಬಿದ್ದು ತೀರಿಕೊಂಡ. ಮಾರ್ಷಲ್, ಆಂಬುಲೆನ್ಸ್, ಎದುರಿಗೆ ವಾಹನವಿಲ್ಲದ ದಾರಿ ಇವೆಲ್ಲ ಅಪಾಯವನ್ನು ತಗ್ಗಿಸುತ್ತವೆ, ತೆಗೆದುಹಾಕುವುದಿಲ್ಲ.

ಇನ್ನು ಕಾಗದಪತ್ರದ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ನಮೂದಾದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಹಾಗೆ ಮಾಡಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಾಮೂಲಿ ವಾಹನ ವಿಮೆ ರೇಸಿಗೆ, ವೇಗ ಪರೀಕ್ಷೆಗೆ ಅನ್ವಯಿಸುವುದಿಲ್ಲ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಹೀಗಾಗಿ ಬಲ್ಲವರು ಕಂಪನಿಯ ಫೇರಿಂಗು, ಕನ್ನಡಿ, ಇಂಡಿಕೇಟರು, ಸೈಲೆನ್ಸರುಗಳನ್ನು ಬಿಚ್ಚಿ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕುತ್ತಾರೆ. ಬಿದ್ದರೂ ಅಷ್ಟು ನಷ್ಟವಾಗದ ಫೈಬರ್ ಮೈ ತೊಡಿಸಿ, ಬೈಕನ್ನು ಗೂಡ್ಸ್ ಗಾಡಿಯಲ್ಲಿ ಕಟ್ಟಿ ಚೆನ್ನೈಗೆ ಒಯ್ಯುತ್ತಾರೆ. ವಾಪಸ್ಸು ಬಂದ ಮೇಲೆ ರಸ್ತೆಗಿಳಿಸಬೇಕಾದರೆ ಮತ್ತೆ ಎಲ್ಲ ಮೂಲಸ್ಥಿತಿಗೆ.

ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನ ಬಗ್ಗೆಯೂ ಯೋಚಿಸಬೇಕಾಗಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇದೆ. ಎಥೆನಾಲಿನ ಆಕ್ಟೇನ್ ಹೆಚ್ಚು, 13:1ರಷ್ಟು ಒತ್ತುವ ಎಂಜಿನ್ನಿಗೆ ಅದು ಒಳ್ಳೆಯದೇ. ಆದರೆ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಜೊತೆಗೆ ಅದೂ ತೇವ ಎಳೆಯುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ನೀರಿನೊಂದಿಗೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಪಂಪು ಮೊದಲು ಎಳೆಯುವುದು ಅದನ್ನೇ.

ಬೆಲೆಯಂತೂ ಏರಿದೆ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕುಗಳಿಗೆ ಜಿಎಸ್‌ಟಿ ಶೇಕಡಾ 40. ಹಾಗಾಗಿ ಟ್ರ್ಯಾಕ್ ಕಲಿಯುವ ಆಸೆಯಿರುವ ಗದಗ-ಬೆಟಗೇರಿಯ ಹುಡುಗನಿಗೆ ಸೂಪರ್‌ಬೈಕ್ ಮೊದಲ ಮೆಟ್ಟಿಲಾಗಬೇಕಿಲ್ಲ. ಗಡಿಯಾಚೆಯ ಹೊಸೂರಿನಲ್ಲಿ ಟಿವಿಎಸ್ ತಯಾರಿಸುವ ಅಪಾಚೆ ಆರ್‌ಆರ್ 310ರ ಎಂಜಿನ್ 312 ಸಿಸಿ, ಶಕ್ತಿ 38 ಅಶ್ವಶಕ್ತಿ. ಕೊಯಮತ್ತೂರಿನ ಎರಡು ಕಿಲೋಮೀಟರ್ ಚಿಲ್ಲರೆಯ ಟ್ರ್ಯಾಕಿನಲ್ಲಿ ಅದರ ಥ್ರಾಟಲನ್ನು ಪೂರ್ತಿ ತೆರೆಯಬಹುದು. ತಪ್ಪು ಮಾಡಿದರೆ ಏನು ತಪ್ಪಾಯಿತು ಎಂದು ತಿಳಿಯಲು ಸಮಯವೂ ಸಿಗುತ್ತದೆ, ಟೈರಿನ ಬಿಲ್ಲೂ ಹಗುರ. ಇನ್ನೂರು ಕುದುರೆಯ ಬೈಕಿನಲ್ಲಿ ಅದೇ ಹುಡುಗ ಅದೇ ಟ್ರ್ಯಾಕಿನ ಬಹುಪಾಲನ್ನು ಥ್ರಾಟಲ್ ಅರ್ಧವೂ ತೆರೆಯದೆ ಕಳೆಯುತ್ತಾನೆ.